ಡಕ್‌ವೀಡ್ ಬೇರಲ್ಲಿ ವೊರ್ಟಿಸೆಲ್ಲಾ ನೋಡುವ ಬಗೆ

ಕೊಳದ ನೀರಿನಲ್ಲಿರುವ ಸೂಕ್ಷ್ಮಜೀವಿ ವೊರ್ಟಿಸೆಲ್ಲಾ ನೋಡಬೇಕಾ? ಕೊಳದ ನೀರನ್ನು ಸುಮ್ನೆ ಹನಿ ಹನಿಯಾಗಿ ಹುಡುಕುತ್ತಾ ಕೂರಬೇಡಿ. ಅದು ಸಾಮಾನ್ಯವಾಗಿ ದಂಟಿನ ತುದಿಯಿಂದ ಏನನ್ನಾದರೂ ಹಿಡಿದುಕೊಂಡಿರುತ್ತದೆ. ನಾನು ಮೊದಲು ನೋಡುವುದು ನೀರಿನ ಮೇಲೆ ತೇಲುವ ಪುಟ್ಟ ಗಿಡ ಡಕ್‌ವೀಡ್‌ನ ಬೇರನ್ನು. ಕೊಳೆತ ಎಲೆಯ ಚೂರೂ ಆಗುತ್ತದೆ.

ಬೇರನ್ನು ಅದೇ ನೀರಿನ ಹನಿಯಲ್ಲಿ ಸ್ಲೈಡ್ ಮೇಲಿಡಿ. ಪಕ್ಕದಲ್ಲಿ ತಲೆಕೂದಲಿನ ತುಂಡೊಂದನ್ನು ಇಟ್ಟು ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿ. ಕೂದಲಿಲ್ಲದೆ ಮುಚ್ಚಿ ಎಷ್ಟೋ ಜೀವಿಗಳನ್ನು ಜಜ್ಜಿಬಿಟ್ಟಿದ್ದೇನೆ, ಇವತ್ತಿಗೂ ಬೇಜಾರಿದೆ. ಸೂಕ್ಷ್ಮದರ್ಶಕದಲ್ಲಿ 100 ಪಟ್ಟು ಹಿಗ್ಗಿಸಿ, ಬೆಳಕು ತಗ್ಗಿಸಿ.

ಈಗ ಕಾಯಿರಿ. ಗಂಟೆಯಂಥ ದೇಹ. ಅದರ ಅಂಚಿನಲ್ಲಿ ಬಡಿಯುವ ಸಣ್ಣ ರೋಮಗಳು. ಅವು ಎಬ್ಬಿಸಿದ ಸುಳಿಯಲ್ಲಿ ಸಿಕ್ಕಿ ಬ್ಯಾಕ್ಟೀರಿಯಾಗಳು ಒಳಗೆ ಹೋಗುತ್ತವೆ. ಸ್ಲೈಡನ್ನು ಮೆಲ್ಲಗೆ ತಟ್ಟಿ. ದಂಟು ಸ್ಪ್ರಿಂಗಿನಂತೆ ಸುರುಳಿ ಸುತ್ತಿ ಸರಕ್ಕನೆ ಕುಗ್ಗುತ್ತದೆ, ಕೆಲವೇ ಮಿಲಿಸೆಕೆಂಡಿನಲ್ಲಿ! ಬಿಚ್ಚಿಕೊಳ್ಳಲು ಮಾತ್ರ ಜಾಸ್ತಿ ಹೊತ್ತು ಬೇಕು. ಈ ಎಳೆತಕ್ಕೆ ಬಲ ಕೊಡುವುದು ಕ್ಯಾಲ್ಸಿಯಂ, ನಮ್ಮ ಸ್ನಾಯುವಿನಂತೆ ನೇರವಾಗಿ ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಅಲ್ಲ. ಇಷ್ಟೆಲ್ಲ ಮಾಡುವುದು ಒಂದೇ ಒಂದು ಜೀವಕೋಶ, ಎಂಥ ಸೊಗಸು ಅಲ್ವಾ?

ದಂಟು ಕವಲೊಡೆದಿದ್ದರೆ ಅದು ಬೇರೆ ನೆಂಟ. ತಟ್ಟಿದಾಗ ಇಡೀ ಗುಂಪು ಒಟ್ಟಿಗೆ ಕುಗ್ಗಿದರೆ ಜೂಥಾಮ್ನಿಯಂ. ಒಂದೊಂದೂ ತನ್ನಷ್ಟಕ್ಕೆ ಕುಗ್ಗಿದರೆ ಕಾರ್ಕೀಸಿಯಂ. ದಂಟು ಅಲುಗದೇ ಇದ್ದರೆ ಎಪಿಸ್ಟೈಲಿಸ್ ಇರಬಹುದು.

ನೀರು ಆರುತ್ತಾ ಬಂದರೆ ಕವರ್‌ಸ್ಲಿಪ್ ಅಂಚಿಗೆ ಇನ್ನೊಂದು ಹನಿ ಬಿಡಿ. ನೋಡಿ ಮುಗಿದ ಮೇಲೆ ಬೇರನ್ನು ಅದೇ ಕೊಳದ ನೀರಿಗೆ ವಾಪಸ್ ಹಾಕಿ.