ಹಳೇ ಮೇಪಲ್ ಗಿಟಾರ್‌ನ ಬೆನ್ನು ನೋಡಿ ತಗೊಳ್ಳಿ

ಮುಂಬೈ ಮಾಟುಂಗಾದ ನಮ್ಮೋರಿಗೆ ಹಳೇ ಸಾಮಾನಿನ ಚೋರ್ ಬಜಾರ್ ಏನ್ ದೂರ ಇಲ್ಲ, ಅಲ್ಲಿ ಹಳೇ ಗಿಟಾರ್ ಕಂಡ್ರೆ ಮೊದ್ಲು ತಿರುಗಿಸಿ ನೋಡಿ, ಬೆನ್ನು ಮಧ್ಯ ಉಬ್ಬಿ ಅಂಚಿಗೆ ಇಳಿದಿದ್ರೆ ಆರ್ಚ್ ಬ್ಯಾಕ್. ಆಮೇಲೆ ಸೌಂಡ್ ಹೋಲ್‌ಗೆ ಮೊಬೈಲ್ ಟಾರ್ಚ್ ಬಿಡಿ. ಹಿಂದಿನ ಹಲಗೆಗೆ ಅಡ್ಡಪಟ್ಟಿ ಒಂದೂ ಇಲ್ವಾ? ಗಾಬರಿ ಬೇಡ, ಯಾರೂ ಕಿತ್ಕೊಂಡಿಲ್ಲ, ಅಮೆರಿಕದ ಗಿಟಾರ್ ಕಂಪನಿ ಗಿಲ್ಡ್‌ನವ್ರು ಮೇಪಲ್ ಮರದ ಪದರಗಳನ್ನ ಅಂಟಿಸಿ ಒತ್ತಿ ಬಾಗಿಸ್ತಿದ್ರು, ಆ ಬಾಗಿಗೇ ಬಲ ಇರುತ್ತೆ, ಪಟ್ಟಿ ಬೇಕಾಗಲ್ಲ. ಲೇಬಲ್‌ನಲ್ಲಿ ವೆಸ್ಟರ್ಲಿ, ರೋಡ್ ಐಲೆಂಡ್ ಅಂತಿದ್ರೆ ಅಮೆರಿಕದ್ದು, ಆ ಫ್ಯಾಕ್ಟರಿ 2001ರಲ್ಲಿ ಮುಚ್ತು.

ಲ್ಯಾಮಿನೇಟ್, ಅಂದ್ರೆ ಪದರ ಅಂಟಿಸಿದ ಮರ ಅಂತ ಮೂಗು ಮುರಿಯೋರು ಇದ್ದೇ ಇರ್ತಾರೆ, ಬಿಡಿ, ಒಂದು ಜಿ ಕಾರ್ಡ್ ಜೋರಾಗಿ ಹೊಡೀರಿ, ಸದ್ದು ಹೆಂಗೆ ಮುಂದಕ್ಕೆ ಚಿಮ್ಮುತ್ತೆ ನೋಡಿ. ಮುಂಬೈ ಮಳೆಗಾಲ ಕಂಡಿರೋ ಗಿಟಾರ್ ಆದ್ರೆ ತಂತಿ ಕಟ್ಟೋ ಬ್ರಿಡ್ಜ್ ಪಟ್ಟಿಯ ಹಿಂದೆ ಪೇಪರ್ ತೂರಿಸಿ, ಒಳಗೆ ಹೋದ್ರೆ ಅಂಟು ಬಿಟ್ಟಿದೆ, ರೇಟ್ ಇಳಿಸಿ ಕೇಳಿ.