ಮ್ಯಾಮೋಗ್ರಾಂಗೆ ಹೋಗುವ ಮುಂಚೆ ನಿಮ್ಮ ಕೆಲಸದ ಲೆಕ್ಕ ಒಂದು ಹಾಳೆಯಲ್ಲಿ ಬರೆಯಿರಿ

ಹೋದ ವರ್ಷ ನಮ್ಮ ವೈನಿಯನ್ನು (ಅತ್ತಿಗೆ) ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೆ ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಲು ಕರೆದುಕೊಂಡು ಬಂದಿದ್ದೆ. ಚೀಟಿ ಮಾಡಿಸುವಾಗ ಕೌಂಟರ್‌ನಲ್ಲಿ ಇದ್ದವರು ತಲೆ ಎತ್ತದೆ "ಉದ್ಯೋಗ: ಗೃಹಿಣಿ" ಎಂದು ಟೈಪ್ ಮಾಡಿಬಿಟ್ಟರು. ವೈನಿ ಸುಮ್ನೆ ನಿಂತಿದ್ದರು. ಬೀಜದ ಹತ್ತಿ ಹೊಲದಲ್ಲಿ ವರ್ಷಗಟ್ಟಲೆ ಕ್ರಾಸಿಂಗ್, ಅಂದರೆ ಹೈಬ್ರಿಡ್ ಬೀಜಕ್ಕಾಗಿ ಕೈಯಿಂದ ಹೂವು ಕೂಡಿಸುವ ಕೆಲಸ, ಮಾಡಿದವರು ಅವರು. ಸಂಜೆ ಹೆಬ್ಬೆರಳ ಉಗುರಿನಿಂದ ಮೊಗ್ಗು ಬಿಡಿಸಿ ಗಂಡು ಭಾಗ ಕಿತ್ತುಹಾಕುವುದು, ಮಾರನೇ ದಿನ ಬೆಳಿಗ್ಗೆ ಹೂವಿಗೆ ಹೂವು ಮುಟ್ಟಿಸುವುದು, ಅದೂ ಎಣ್ಣೆ (ಕೀಟನಾಶಕ) ಹೊಡೆದ ಗಿಡಗಳ ನಡುವೆ ಬರಿಗೈಯಲ್ಲಿ. ಇದೆಲ್ಲ ಆ ಒಂದು ಪದದಲ್ಲಿ ಮಾಯ. ನನಗೆ ಬಹಳ ಬೇಜಾರಾಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮ್ಯಾಮೋಗ್ರಾಂ ರಿಪೋರ್ಟ್‌ನಲ್ಲಿ ಬರುವ ಡೆನ್ಸಿಟಿ ಅಂದರೆ ಏನು ನೋಡೋಣ. ಸ್ತನದಲ್ಲಿ ಕೊಬ್ಬು ಇರುತ್ತದೆ, ಹಾಲಿನ ಗ್ರಂಥಿ ಮತ್ತು ನಾರಿನಂಥ ಭಾಗವೂ ಇರುತ್ತದೆ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿ ಬೆಳ್ಳಗೆ ಕಾಣುತ್ತದೆ. ಬಿಳಿ ಜಾಸ್ತಿ ಇದ್ದರೆ ಡೆನ್ಸಿಟಿ ಜಾಸ್ತಿ. ಗಡ್ಡೆಯೂ ಬೆಳ್ಳಗೇ ಕಾಣುವುದರಿಂದ, ಜೋಳದ ಹಿಟ್ಟಿನಲ್ಲಿ ಬಿದ್ದ ಅಕ್ಕಿಕಾಳು ಹುಡುಕಿದ ಹಾಗೆ ಆಗುತ್ತದೆ. ಜೊತೆಗೆ ಡೆನ್ಸಿಟಿ ಜಾಸ್ತಿ ಇರುವವರಿಗೆ ಕ್ಯಾನ್ಸರ್ ಅಪಾಯವೂ ಸ್ವಲ್ಪ ಹೆಚ್ಚು. ಇದು ರೋಗ ಅಲ್ಲ, ಕೈಯಿಂದ ಮುಟ್ಟಿ ನೋಡಿದರೆ ಗೊತ್ತಾಗುವುದೂ ಇಲ್ಲ.

ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಸ್ಪೇನ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳ ಮ್ಯಾಮೋಗ್ರಾಂ ನೋಡಿದಾಗ, ಡ್ರೈಕ್ಲೀನಿಂಗ್‌ಗೆ ಬಳಸುವ ಪರ್‌ಕ್ಲೋರೋಎಥಿಲೀನ್ ಎಂಬ ರಾಸಾಯನಿಕ ಮತ್ತು ಎಕ್ಸ್‌ರೇಯಂಥ ವಿಕಿರಣದ ಹತ್ತಿರ ಕೆಲಸ ಮಾಡಿದವರಲ್ಲಿ ಡೆನ್ಸಿಟಿ ಹೆಚ್ಚು ಕಂಡಿತು. ಹಾಗಂತ ಅದರಿಂದಲೇ ಆಯಿತು ಎಂದು ಹೇಳಲು ಆಗುವುದಿಲ್ಲ. ರಾತ್ರಿ ಪಾಳಿಯ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ಅದನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಡೆನ್ಸಿಟಿಗೂ ಅದಕ್ಕೂ ನಂಟು ಸಾಬೀತಾಗಿಲ್ಲ. ನಾನು ನರ್ಸ್ ಆಗಿ 11 ವರ್ಷ ನೈಟ್ ಡ್ಯೂಟಿ ಮಾಡಿದವಳು, ಇದನ್ನು ಓದಿ ಹೆದರಲಿಲ್ಲ, ನನ್ನ ಹಾಳೆಯಲ್ಲಿ ಬರೆದಿಟ್ಟೆ ಅಷ್ಟೇ.

ಹಾಳೆ ಬರೆಯುವುದು ಸುಲಭ. ಮನೆಯವರ ಜೊತೆ ಕೂತು ಕೇಳಿ ಬರೆಯಿರಿ, ಏಕೆಂದರೆ ನಮ್ಮ ಹೆಂಗಸರಿಗೆ ತಾವು ಮಾಡಿದ್ದು ಕೆಲಸ ಅನ್ನಿಸುವುದೇ ಇಲ್ಲ. "ವೈನಿ, ಎಷ್ಟ್ ವರ್ಷ ಆತ್ರೀ ಕ್ರಾಸಿಂಗ್ ಮಾಡಿ?" ಎಂದೆ. "ಎಣಿಸಿಲ್ಲವ್ವಾ, ಸಣ್ಣಾಂವ ಹುಟ್ಟೂಕಿಂತ ಮೊದಲಿಂದ" ಎಂದರು. ಮಗನ ವಯಸ್ಸಿನಿಂದ ಲೆಕ್ಕ ಹಾಕಿದರೆ 14 ವರ್ಷ! ಹೀಗೆ ಮಕ್ಕಳ ವಯಸ್ಸು, ಮದುವೆ, ಬರಗಾಲ ಹಿಡಿದು ವರ್ಷ ಗುರುತಿಸಿ. ಯಾವ ಊರು, ಏನು ಕೆಲಸ, ಎಷ್ಟು ವರ್ಷ, ಕೈಗೆ ಮೂಗಿಗೆ ಏನು ತಾಕುತ್ತಿತ್ತು, ಕೈಗವಸು ಇತ್ತೋ ಇಲ್ಲವೋ, ಇಷ್ಟು ಸಾಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸಿದ್ದು, ಗದಗಿನ ಪ್ರೆಸ್‌ನಲ್ಲಿ ಸೀಮೆಎಣ್ಣೆ ಹಾಕಿ ಮಸಿ ಒರೆಸಿದ್ದು, ಆಸ್ಪತ್ರೆಯಲ್ಲಿ ಗ್ಯಾಸ್ ಹಾಕಿ ಸಾಮಾನು ಸ್ಟೆರಿಲೈಸ್ ಮಾಡಿದ್ದು, ಎಲ್ಲ ಬರಲಿ. ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿ ಮನೆಯಲ್ಲೇ ಇದ್ದರೆ ಹೆಸರಿನ ಫೋಟೋ ಹೊಡೆದುಕೊಳ್ಳಿ. ಲೇಬಲ್ ಮೇಲಿನ ಬಣ್ಣವನ್ನೂ ನೋಡಿ, ಕೆಂಪು ಅಂದರೆ ಅತೀ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಜೊತೆಗೆ ಮುಟ್ಟು ನಿಂತಿದ್ದು ಯಾವಾಗ, ಹಾರ್ಮೋನ್ ಮಾತ್ರೆ ತಗೊಂಡಿದ್ದೀರಾ, ತಾಯಿ ಅಥವಾ ಅಕ್ಕತಂಗಿಯರಿಗೆ ಸ್ತನ ಕ್ಯಾನ್ಸರ್ ಆಗಿತ್ತಾ ಎಂದೂ ಬರೆಯಿರಿ. ಡೆನ್ಸಿಟಿಗೆ, ಅಪಾಯಕ್ಕೆ ಇವು ಕೆಲಸಕ್ಕಿಂತ ಗಟ್ಟಿ ಕಾರಣಗಳು.

ಪರೀಕ್ಷೆಯ ದಿನ ಪೌಡರ್, ಸೆಂಟ್ ಹಾಕಬೇಡಿ, ಫಿಲ್ಮ್‌ನಲ್ಲಿ ಚುಕ್ಕೆಯಾಗಿ ಕಾಣಬಹುದು. ಮುಟ್ಟಾಗುತ್ತಿದ್ದರೆ ಮುಟ್ಟು ಶುರುವಾಗಿ ಒಂದು ವಾರ ಆದ ಮೇಲೆ ಹೋಗಿ, ನೋವು ಕಡಿಮೆ. ಹಳೇ ಫಿಲ್ಮ್ ಇದ್ದರೆ ಒಯ್ಯಿರಿ.

ರಿಪೋರ್ಟ್ ಕೈಗೆ ಬಂದ ಮೇಲೆ ಕೊನೆಯ "ನಾರ್ಮಲ್" ಮಾತ್ರ ನೋಡಿ ಮಡಚಬೇಡಿ. ಎ, ಬಿ, ಸಿ, ಡಿ ಎಂಬ ಅಕ್ಷರ ಹುಡುಕಿ. ಎ ಅಂದರೆ ಹೆಚ್ಚಾಗಿ ಕೊಬ್ಬು, ಡಿ ಅಂದರೆ ತುಂಬಾ ಡೆನ್ಸ್. ಅಕ್ಷರ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ವೈನಿಗೆ ಸಿ ಬಂದಿತ್ತು. ಯಾರೂ ಹೇಳಲಿಲ್ಲ, ನಾನೇ ಓದಿದೆ. ಹಾಳೆ ತೋರಿಸಿ "ಅಲ್ಟ್ರಾಸೌಂಡ್ ಬೇಕಾ ಡಾಕ್ಟ್ರೇ?" ಎಂದು ಕೇಳಿದಾಗ ಅವರು ಹಾಳೆಯನ್ನು ಎರಡು ಸಲ ಓದಿದರು, ಬರೆದುಕೊಟ್ಟರು. ಏನೂ ತೊಂದರೆ ಇರಲಿಲ್ಲ.

ಕೆಲಸದ ಕಡೆ ಕೈಗವಸು, ಮೈಮುಚ್ಚುವ ಅಂಗಿ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು, ಎಣ್ಣೆ ಹೊಡೆದ ದಿನ ಆ ಗಿಡಕ್ಕೆ ಕೈ ಹಾಕದಿರುವುದು, ಇಷ್ಟಾದರೂ ಮಾಲೀಕರ ಹತ್ತಿರ ಕೇಳಿ. ಹಳ್ಳಿಯಲ್ಲಿರುವವರು ಆಶಾ ಅಕ್ಕನನ್ನು ವಿಚಾರಿಸಿ, ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ 30 ದಾಟಿದವರಿಗೆ ಸ್ತನ ಪರೀಕ್ಷೆ ಮಾಡುವ ಸರ್ಕಾರಿ ಕಾರ್ಯಕ್ರಮ ಇದೆ. ಗಡ್ಡೆ ಕೈಗೆ ಸಿಕ್ಕರೆ, ತೊಟ್ಟು ಒಳಗೆ ಎಳೆದುಕೊಂಡರೆ, ರಕ್ತ ಬಂದರೆ, ಹೋದ ತಿಂಗಳ ರಿಪೋರ್ಟ್ ನಾರ್ಮಲ್ ಇದ್ದರೂ ಅದೇ ವಾರ ಡಾಕ್ಟರ್ ಹತ್ತಿರ ಹೋಗಿ, ಹಾಳೆ ಜೊತೆಗಿರಲಿ.