ಕಟ್ಟಡವಿಲ್ಲದ ಮಕ್ಕಳ ಟ್ರಸ್ಟ್: ನಾವು ನಡೆಸಿಕೊಂಡು ಬಂದ ಬಗೆ

ಮಕ್ಕಳಿಗಾಗಿ ಟ್ರಸ್ಟ್ ನಡೆಸುತ್ತೇವೆ ಅಂದ ಕೂಡಲೇ ಜನ ಕೇಳುವುದು ಒಂದೇ: ‘ನಿಮ್ಮ ಆಶ್ರಮದಲ್ಲಿ ಎಷ್ಟು ಮಕ್ಕಳಿದ್ದಾರೆ?’ ನಮ್ಮಲ್ಲಿ ಆಶ್ರಮ ಇಲ್ಲ. ಒಂದು ಬಾಡಿಗೆ ಕೋಣೆ, ಎರಡು ಬೀರು, ಒಂದು ಪ್ರಿಂಟರ್, ಹಳ್ಳಿ ಸುತ್ತುವ ಇಬ್ಬರು ಕಾರ್ಯಕರ್ತೆಯರು. ಇಷ್ಟೇ. ಕೇಳಿದವರಿಗೆ ಸ್ವಲ್ಪ ನಿರಾಸೆ ಆಗುತ್ತದೆ. ‘ಹಾಗಾದ್ರೆ ಮಕ್ಕಳು ಎಲ್ಲಿರ್ತಾರೆ?’ ಅನ್ನುತ್ತಾರೆ. ಅವರವರ ಮನೆಯಲ್ಲೇ ಇರುತ್ತಾರೆ. ಅಲ್ಲೇ ಇರುವ ಹಾಗೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ನಮ್ಮದು ಕೊಪ್ಪಳ ಜಿಲ್ಲೆ. ಇಲ್ಲಿ ಗುಳೆ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿಯುತ್ತಿದ್ದ ಹಾಗೆ ಬೆಂಗಳೂರು, ಮಂಗಳೂರು, ಗೋವಾ ಕಡೆ ಕಟ್ಟಡ ಕೆಲಸಕ್ಕೆ ಜನ ಹೊರಡುತ್ತಾರೆ. ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುವವರೂ ಇದ್ದಾರೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋದರೆ ಶಾಲೆ ತಪ್ಪುತ್ತದೆ. ಬಿಟ್ಟು ಹೋದರೆ ವಯಸ್ಸಾದ ಅಜ್ಜಿಯ ಮೇಲೆ ಭಾರ. ಹೋದವರಲ್ಲಿ ಕೆಲವರು ತಿರುಗಿ ಬರುವುದೇ ಇಲ್ಲ. ಒಬ್ಬರು ಕೆಲಸದ ಜಾಗದಲ್ಲಿ ತೀರಿಕೊಳ್ಳುತ್ತಾರೆ, ಇನ್ನೊಬ್ಬರು ಬೇರೆ ಮದುವೆಯಾಗುತ್ತಾರೆ. ಆ ಮಕ್ಕಳನ್ನು ಅನಾಥರು ಅನ್ನುವಂತಿಲ್ಲ, ಮನೆಯಲ್ಲಿ ಅಜ್ಜಿ ಇದ್ದಾಳೆ. ಹಾಗಂತ ಯಾರ ಪಟ್ಟಿಯಲ್ಲೂ ಅವರ ಹೆಸರು ಇರುವುದಿಲ್ಲ.

2013ರಲ್ಲಿ ಟ್ರಸ್ಟ್ ಮಾಡಿದಾಗ ನಾವು ಐದು ಜನ ಇದ್ದೆವು. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಒಬ್ಬ ಆಡಿಟರ್, ಒಬ್ಬ ವಕೀಲರು, ಹೆರಿಗೆ, ಚುಚ್ಚುಮದ್ದು ಅಂತ ಊರೂರು ತಿರುಗಿದ್ದ ಎಎನ್‌ಎಂ ಸಿಸ್ಟರ್, ಮತ್ತು ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದ ನಾನು. ಟ್ರಸ್ಟ್ ಮಾಡುವುದೇನೂ ದೊಡ್ಡ ಕೆಲಸ ಅಲ್ಲ. ಛಾಪಾ ಕಾಗದದ ಮೇಲೆ ಟ್ರಸ್ಟ್ ಡೀಡ್ ಬರೆದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಪ್ಯಾನ್ ತೆಗೆದುಕೊಂಡು, ಬ್ಯಾಂಕ್ ಖಾತೆ ತೆರೆದರೆ ಆಯಿತು. ಆದರೆ ಡೀಡ್‌ನಲ್ಲಿ ಏನು ಬರೆಯುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ನಮ್ಮ ವಕೀಲರು ಎರಡು ವಿಷಯಕ್ಕೆ ಪಟ್ಟು ಹಿಡಿದರು. ಒಂದು, ಒಂದೇ ಮನೆಯ ಇಬ್ಬರು ಟ್ರಸ್ಟಿಗಳಾಗಬಾರದು. ಎರಡು, ಟ್ರಸ್ಟ್ ಮುಚ್ಚಿದರೆ ಆಸ್ತಿ ಇದೇ ರೀತಿಯ ಇನ್ನೊಂದು ಧರ್ಮಾರ್ಥ ಸಂಸ್ಥೆಗೆ ಹೋಗಬೇಕು, ಟ್ರಸ್ಟಿಗಳ ಜೇಬಿಗಲ್ಲ. ಆದಾಯ ತೆರಿಗೆಯವರು ಈ ಎರಡನೆಯದನ್ನು ನೋಡಿಯೇ ನೋಡುತ್ತಾರೆ. ಮೊದಲನೆಯದು ನಮ್ಮದೇ ನಿಯಮ. ಜಗಳ ಬಂದಾಗ ಅದರ ಬೆಲೆ ಗೊತ್ತಾಯಿತು.

ವಸತಿಗೃಹ ಬೇಡ ಅಂತ ಮೊದಲ ಸಭೆಯಲ್ಲೇ ತೀರ್ಮಾನ ಆಗಿತ್ತು. ಅದನ್ನು ಹೇಳಿದ್ದು ಎಎನ್‌ಎಂ ಸಿಸ್ಟರ್. ‘ಊಟ ಇಲ್ಲ ಅಂತ ಮಗೂನ್ನ ಮನೆಯಿಂದ ತೆಗೀಬೇಡ್ರಿ, ಊಟಾನೇ ಮನೆಗೆ ಮುಟ್ಟಿಸ್ರಿ’ ಅಂದರು. ಮೇಷ್ಟ್ರು ಓದಿನ ಮನುಷ್ಯ. ಅವರು ರೊಮೇನಿಯಾದ ಬುಕಾರೆಸ್ಟ್ ಅಧ್ಯಯನ ಹುಡುಕಿ ತಂದರು. ಅಲ್ಲಿ ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ಎರಡು ಗುಂಪು ಮಾಡಿ, ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿ, ವರ್ಷಗಟ್ಟಲೆ ಗಮನಿಸಿದರು. ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ ಸಂಸ್ಥೆಯಲ್ಲಿ ಉಳಿದವರಿಗಿಂತ ಚೆನ್ನಾಗಿತ್ತು. ಎರಡು ವರ್ಷದೊಳಗೆ ಹೋದವರಿಗೆ ಇನ್ನೂ ಚೆನ್ನಾಗಿತ್ತು. ಸಿಸ್ಟರ್ ನಕ್ಕು, ‘ಇದಕ್ಕ ರೊಮೇನಿಯಾ ತನಕ ಹೋಗಬೇಕಿತ್ತಾ?’ ಅಂದದ್ದು ನೆನಪಿದೆ.

ಕಾನೂನಿನ ಕಾರಣವೂ ಇತ್ತು. 2015ರ ಬಾಲನ್ಯಾಯ ಕಾಯ್ದೆ 2016ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಅದು ಇನ್ನೂ ಬಿಗಿಯಾಯಿತು. ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಯೂ 41ನೇ ಕಲಮಿನಡಿ ನೋಂದಣಿ ಆಗಿರಲೇಬೇಕು. ಇಲ್ಲದಿದ್ದರೆ ಅದನ್ನು ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ‘ಹತ್ತು ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡು ಸಾಕ್ತೀನಿ ಸರ್’ ಅಂತ ಒಳ್ಳೆ ಮನಸ್ಸಿನವರು ನಮ್ಮ ಹತ್ತಿರ ಬರುತ್ತಾರೆ. ಅವರಿಗೆ ನಾನು ಮೊದಲು ತೋರಿಸುವುದೇ ಈ ಕಲಮು.

ಹಾಗಾದರೆ ದಿನಾ ಏನು ಮಾಡುತ್ತೀರಿ ಅಂದರೆ, ಜಾಸ್ತಿ ಹೊತ್ತು ಕಾಗದದ ಕೆಲಸ. ಕೇಳಲು ಸಪ್ಪೆ ಅನಿಸುತ್ತದೆ. ಒಂದು ಉದಾಹರಣೆ ಹೇಳುತ್ತೇನೆ.

ಒಬ್ಬ ಅಜ್ಜಿ, ಇಬ್ಬರು ಮೊಮ್ಮಕ್ಕಳು. ಮಗ ಗೋವಾದಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದ. ಸೊಸೆ ತವರಿಗೆ ಹೋದವಳು ಮತ್ತೆ ಬರಲಿಲ್ಲ. ಅಜ್ಜಿ ಕೂಲಿಗೆ ಹೋಗುತ್ತಿದ್ದಳು. ದೊಡ್ಡವಳು ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಇಂಥ ಮನೆಗೆಂದೇ ಸರ್ಕಾರದಲ್ಲಿ ಹಣ ಇದೆ. ಮಕ್ಕಳ ರಕ್ಷಣೆಗೆಂದು ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಮೊದಲು 2,000 ಇತ್ತು. ಹಳ್ಳಿಯಲ್ಲಾದರೆ ಮನೆಯ ವರ್ಷದ ಆದಾಯ 72,000 ದಾಟಬಾರದು, ಪಟ್ಟಣದಲ್ಲಾದರೆ 96,000. ಅಜ್ಜಿಗೆ ಅರ್ಹತೆ ಇತ್ತು, ದಾಖಲೆ ಇರಲಿಲ್ಲ.

ಮಗನ ಮರಣ ಪ್ರಮಾಣಪತ್ರ ಬೇಕು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗುವುದು, ಹಾಗಾಗಿ ಅದು ಗೋವಾದಿಂದ ಬರಬೇಕು. ಮೇಸ್ತ್ರಿಯ ಫೋನ್ ನಂಬರ್ ಹುಡುಕಿ, ಆಸ್ಪತ್ರೆ ಯಾವುದು ಅಂತ ತಿಳಿದು, ಊರಿನಿಂದ ಆ ಕಡೆ ಹೋಗುವವರ ಕೈಯಲ್ಲಿ ಅರ್ಜಿ ಕೊಟ್ಟು ಕಳಿಸಿದೆವು. ಪತ್ರ ಬಂತು. ಅದರಲ್ಲಿ ತಂದೆಯ ಹೆಸರಿಗೆ ಕೊನೆಯಲ್ಲಿ ‘ಪ್ಪ’ ಇಲ್ಲ. ಶಾಲೆಯ ದಾಖಲೆಯಲ್ಲಿ ಇದೆ. ಆಧಾರ್‌ನಲ್ಲಿ ಮೂರನೇ ಬಗೆ. ಅಜ್ಜಿ ಸಿಟ್ಟಿಗೆದ್ದಳು. ‘ಸರ, ಹೆಸರು ಹ್ಯಾಂಗ ಬರದ್ರ ಏನಾತ್ರೀ, ಸತ್ತಾಂವ ನನ್ನ ಮಗಾನ ಅಲ್ಲೇನ್ರೀ?’ ನಾನೇನು ಹೇಳಲಿ? ‘ಹೌದು ಯವ್ವಾ, ಅದನ್ನೇ ಸಾಹೇಬರಿಗೆ ಕಾಗದದಾಗ ತೋರಿಸಬೇಕಲ್ಲ’ ಅಂದೆ. ವಕೀಲರು ಅಫಿಡವಿಟ್ ಮಾಡಿಸಿದರು.

ಚಿಕ್ಕವನಿಗೆ ಜನನ ಪ್ರಮಾಣಪತ್ರವೇ ಇರಲಿಲ್ಲ. ಹೆರಿಗೆ ಮನೆಯಲ್ಲಿ ಆಗಿತ್ತು. ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು ಆಗೆಲ್ಲ ಕೋರ್ಟಿನ ಆದೇಶ ಬೇಕಿತ್ತು. ಈಗ ಅಷ್ಟು ಕಷ್ಟ ಇಲ್ಲ. ಕಾಯ್ದೆಗೆ ತಿದ್ದುಪಡಿಯಾಗಿ 2023ರ ಅಕ್ಟೋಬರ್‌ನಿಂದ ಉಪವಿಭಾಗಾಧಿಕಾರಿಯಂಥ ಅಧಿಕಾರಿಗಳೇ ಆದೇಶ ಕೊಡಬಹುದು. ಎಲ್ಲಿಗೆ ಹೋದರೂ ಹುಟ್ಟಿದ ದಿನಕ್ಕೆ ಪುರಾವೆ ಬೇಕಲ್ಲ. ಅಜ್ಜಿಯ ಟ್ರಂಕಿನ ತಳದಲ್ಲಿ, ಸೀರೆಯಡಿ, ತಾಯಿ ಕಾರ್ಡ್ ಸಿಕ್ಕಿತು. ಅಂಚು ಇಲಿ ಕಡಿದಿತ್ತು. ಮೊದಲ ಚುಚ್ಚುಮದ್ದಿನ ತಾರೀಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ನಮ್ಮ ಸಿಸ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ನನ್ನ ಅಕ್ಷರ’ ಅಂದರು. ಹಳೆಯ ರಿಜಿಸ್ಟರ್ ಹುಡುಕಿಸಿ ಅದೇ ದಾಖಲೆ ತೆಗೆಸಿದೆವು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಇವೆಲ್ಲ ಆಮೇಲೆ. ಅವು ಅಂಥ ಕಷ್ಟ ಅಲ್ಲ.

ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಪ್ರಾಯೋಜಕತ್ವ ಮಂಜೂರು ಮಾಡುವ ಸಮಿತಿಯಲ್ಲಿ ಒಪ್ಪಿಗೆಯಾಗಿ, ಖಾತೆಗೆ ಹಣ ಬೀಳುವ ಹೊತ್ತಿಗೆ ತಿಂಗಳುಗಳೇ ಕಳೆಯುತ್ತವೆ. ಟ್ರಸ್ಟಿನ ಹಣ ಬೇಕಾಗುವುದು ಆ ನಡುವಿನ ದಿನಗಳಿಗೆ. ದಿನಸಿ, ನೋಟ್‌ಬುಕ್, ಅಜ್ಜಿಯ ಬಿಪಿ ಮಾತ್ರೆ. ಸರ್ಕಾರದ ಹಣ ಶುರುವಾದ ತಿಂಗಳು ನಮ್ಮದು ನಿಲ್ಲುತ್ತದೆ, ಮನೆ ಭೇಟಿ ನಿಲ್ಲುವುದಿಲ್ಲ. ಇದು ಕೆಲವು ದಾನಿಗಳಿಗೆ ಹಿಡಿಸುವುದಿಲ್ಲ. ‘ಸರ್ಕಾರ ಕೊಡೋ ದುಡ್ಡು ಕೊಡಿಸೋಕೆ ನೀವ್ಯಾಕೆ?’ ಅಂತ ಒಬ್ಬರು ನೇರವಾಗಿಯೇ ಕೇಳಿದರು. ನಾವಿಲ್ಲದಿದ್ದರೆ ಆ ದುಡ್ಡು ಆ ಅಜ್ಜಿಗೆ ಮುಟ್ಟುತ್ತಿರಲಿಲ್ಲ, ಅಷ್ಟೇ ಸರ್. ನಮ್ಮ ಕೈಯಿಂದ ಹೋದ ಒಂದೊಂದು ರೂಪಾಯಿಗೂ ಸರ್ಕಾರದಿಂದ ಎಷ್ಟೋ ಪಟ್ಟು ಆ ಮನೆಗೆ ಬಂದಿದೆ. ಚಿಕ್ಕ ಟ್ರಸ್ಟಿಗೆ ಇದಕ್ಕಿಂತ ಲಾಭದ ಕೆಲಸ ಇಲ್ಲ ಅಂತ ನನ್ನ ಲೆಕ್ಕ.

ಕೊರೊನಾ ಕಾಲದಲ್ಲಿ ಈ ಕಾಗದದ ಅಭ್ಯಾಸ ಕೈ ಹಿಡಿಯಿತು. 2021ರ ಮೇ ತಿಂಗಳಲ್ಲಿ ಕೇಂದ್ರದ ಪಿಎಂ ಕೇರ್ಸ್ ಮಕ್ಕಳ ಯೋಜನೆ ಬಂತು, ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಣೆ ಆಯಿತು. ಒಳ್ಳೆಯದೇ. ಆದರೆ ಅವು ಇದ್ದದ್ದು ಕೊರೊನಾದಿಂದ ಅನಾಥರಾದ ಮಕ್ಕಳಿಗೆ. ತಂದೆ ಕೊರೊನಾದಲ್ಲಿ ಹೋಗಿ ತಾಯಿ ಬದುಕಿದ್ದರೆ, ಇಲ್ಲವೇ ತಂದೆ ತಾಯಿ ಇಬ್ಬರೂ ಟಿಬಿಯಂಥ ಬೇರೆ ಕಾಯಿಲೆಯಿಂದ ತೀರಿಕೊಂಡಿದ್ದರೆ ಆ ಮಗುವಿಗೆ ಅವು ದಕ್ಕುತ್ತಿರಲಿಲ್ಲ. ಹಸಿವಿಗೆ ಕಾಯಿಲೆಯ ಹೆಸರು ಗೊತ್ತಿರುತ್ತದೆಯೇ? ಅಂಥ ಮಕ್ಕಳನ್ನೆಲ್ಲ ಪ್ರಾಯೋಜಕತ್ವದ ಕಡೆ ತಿರುಗಿಸಿದೆವು. ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಹೈಸ್ಕೂಲ್ ಹುಡುಗಿಯರ ಮದುವೆ ನಿಲ್ಲಿಸುವುದೇ ಇನ್ನೊಂದು ದೊಡ್ಡ ಕೆಲಸವಾಗಿತ್ತು. ಅದನ್ನೆಲ್ಲ ಇನ್ನೊಮ್ಮೆ ಬರೆಯುತ್ತೇನೆ.

ಎಲ್ಲ ಮಕ್ಕಳನ್ನೂ ಮನೆಯಲ್ಲೇ ಉಳಿಸಬೇಕು ಅಂತ ನಾವು ಹಟ ಹಿಡಿದಿಲ್ಲ. ಮನೆಯೊಳಗೇ ಹೊಡೆತ, ದೌರ್ಜನ್ಯ ಇದ್ದರೆ ಮಗು ಅಲ್ಲಿ ಇರಬಾರದು. ಆಗ 1098ಕ್ಕೆ ಫೋನ್. ಈ ಮಕ್ಕಳ ಸಹಾಯವಾಣಿ 1996ರಲ್ಲಿ ಮುಂಬೈಯಲ್ಲಿ ಶುರುವಾದದ್ದು. ಬಹಳ ವರ್ಷ ಸ್ವಯಂಸೇವಾ ಸಂಸ್ಥೆಗಳ ಜಾಲ ನಡೆಸುತ್ತಿತ್ತು. 2023ರಿಂದ ಸರ್ಕಾರವೇ ವಹಿಸಿಕೊಂಡು ತುರ್ತು ಸಹಾಯದ 112ರ ಜೊತೆ ಜೋಡಿಸುತ್ತಾ ಬಂದಿದೆ. ಸಿಕ್ಕ ಮಗುವನ್ನು 24 ಗಂಟೆಯೊಳಗೆ, ಇಂಥ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಬಿಟ್ಟು. ‘ಇವತ್ತೊಂದು ರಾತ್ರಿ ನಮ್ಮನೇಲಿ ಮಲಗಲಿ, ಸೋಮವಾರ ನೋಡೋಣ’ ಅನ್ನುವುದು ನಮ್ಮಲ್ಲಿ ನಡೆಯುವುದಿಲ್ಲ. ರಜೆ ದಿನವಾದರೂ ಸಮಿತಿಯ ಯಾರಾದರೂ ಒಬ್ಬ ಸದಸ್ಯರ ಮುಂದೆ ಕರೆದೊಯ್ಯಬಹುದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ‘ಊರಿನ ಮರ್ಯಾದೆ’ ಅಂತ ಹಿರಿಯರು ಮನೆ ಬಾಗಿಲಿಗೆ ಬಂದು ಕೂತರೂ ಸರಿ. ಮಗು ಬಾಲಮಂದಿರಕ್ಕೆ ಹೋದ ಮೇಲೆ ನಮ್ಮ ಕಾರ್ಯಕರ್ತೆ ಅತ್ತೆ, ಚಿಕ್ಕಮ್ಮ, ಸೋದರಮಾವ ಅಂತ ಸುರಕ್ಷಿತ ಮನೆ ಹುಡುಕಲು ಶುರು ಮಾಡುತ್ತಾಳೆ. ತೀರ್ಮಾನ ಮಾತ್ರ ಸಮಿತಿಯದು.

ಹಣದ ವಿಷಯಕ್ಕೆ ಬರುತ್ತೇನೆ. ಮಕ್ಕಳ ಮುಖ ತೋರಿಸಿದರೆ ಹಣ ಬರುತ್ತದೆ. ಇದು ಎಲ್ಲರಿಗೂ ಗೊತ್ತು. ನಾವು ತೋರಿಸುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಬಹಿರಂಗ ಮಾಡುವುದನ್ನೇ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ ಆಗಬಹುದು. ಆದರೂ ಹುಟ್ಟುಹಬ್ಬಕ್ಕೆ ಕೇಕ್ ತಂದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ಬೇಕು ಅನ್ನುವವರಿಗೆ ಬರವಿಲ್ಲ. ‘ನಿಮ್ಮ ಮಗಳ ಕೈಗೆ ಯಾರೋ ಅಕ್ಕಿ ಕೊಟ್ಟು ಫೋಟೊ ತೆಗೆದರೆ ಬಿಡ್ತೀರಾ ಸರ್?’ ಅಂತ ನಮ್ಮ ಕಾರ್ಯಕರ್ತೆ ಒಮ್ಮೆ ಕೇಳಿಬಿಟ್ಟಳು. ಆ ದಾನಿ ಆಮೇಲೆ ಬರಲಿಲ್ಲ. ನಮಗೇನೂ ಬೇಜಾರಿಲ್ಲ. ನಮ್ಮನ್ನು ನಡೆಸುತ್ತಿರುವುದು ತಿಂಗಳಿಗೆ ಐನೂರು, ಸಾವಿರ ಅಂತ ಸುಮ್ನೆ ಕಳಿಸುವ ಶಿಕ್ಷಕರು, ಬ್ಯಾಂಕಿನವರು, ನಮ್ಮ ಊರಿಂದ ಹೋಗಿ ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗರು. ಅವರಿಗೆ ವರ್ಷಕ್ಕೊಮ್ಮೆ ಲೆಕ್ಕ ಕಳಿಸುತ್ತೇವೆ. ಮಕ್ಕಳ ಕಥೆ ಕಳಿಸುವುದಿಲ್ಲ.

ಲೆಕ್ಕ ಅಂದರೆ ನಮ್ಮ ಆಡಿಟರ್ ಬಹಳ ಕಟ್ಟುನಿಟ್ಟು. ನಗದು 2,000 ದಾಟಿದರೆ ದಾನಿಗೆ 80ಜಿ (ದಾನಕ್ಕೆ ಸಿಗುವ ಆದಾಯ ತೆರಿಗೆ) ವಿನಾಯಿತಿ ಸಿಗುವುದಿಲ್ಲ, ಹಾಗಾಗಿ ಅವರು ನಗದೇ ಮುಟ್ಟಬೇಡಿ ಅಂದುಬಿಟ್ಟಿದ್ದಾರೆ. ಬಂದ ಹಣದಲ್ಲಿ ಶೇ 85ರಷ್ಟನ್ನು ಆ ವರ್ಷವೇ ಉದ್ದೇಶಕ್ಕೆ ಖರ್ಚು ಮಾಡಬೇಕು. 80ಜಿ ಇರುವ ಟ್ರಸ್ಟ್ ಪ್ರತಿ ವರ್ಷ ಮೇ 31ರೊಳಗೆ ದಾನಿಗಳ ವಿವರವನ್ನು ಫಾರಂ 10ಬಿಡಿಯಲ್ಲಿ ಸಲ್ಲಿಸುವ ಪದ್ಧತಿ ಬಂದ ಮೇಲೆ ಪ್ಯಾನ್ ನಂಬರ್ ಕೇಳಿ ಕೇಳಿ ನನ್ನ ಗಂಟಲು ಒಣಗಿದೆ. 2021ರಲ್ಲಿ ಹಳೆಯ ಟ್ರಸ್ಟುಗಳೆಲ್ಲ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ ನೋಂದಣಿಯನ್ನು ಹೊಸದಾಗಿ ಮಾಡಿಸಬೇಕಾಯಿತು. ಎಷ್ಟೋ ಚಿಕ್ಕ ಸಂಸ್ಥೆಗಳು ಅಲ್ಲೇ ಸುಸ್ತಾದವು. ಆಡಿಟರ್ ಒಬ್ಬರು ಟ್ರಸ್ಟಿಯಾಗಿರುವುದು ಇದಕ್ಕೇ ಒಳ್ಳೆಯದು. ಆದರೆ ಅವರೇ ಆಡಿಟ್ ಮಾಡಬಾರದು, ಅದನ್ನು ಹೊರಗಿನವರಿಂದ ಮಾಡಿಸುತ್ತೇವೆ.

ಸದ್ಯ ನಮಗೆ ತಲೆನೋವಾಗಿರುವುದು ಹದಿನೆಂಟು ತುಂಬಿದವರು. ಪ್ರಾಯೋಜಕತ್ವ 18ಕ್ಕೆ ನಿಲ್ಲುತ್ತದೆ. ಆಗ ಹುಡುಗ ದ್ವಿತೀಯ ಪಿಯುಸಿಯಲ್ಲೋ ಐಟಿಐಯಲ್ಲೋ ಇರುತ್ತಾನೆ. ಸಂಸ್ಥೆಗಳಲ್ಲಿ ಬೆಳೆದು ಹೊರಬಂದವರಿಗೆ 21ರವರೆಗೆ, ಬೇಕಾದರೆ 23ರವರೆಗೆ, ನಂತರದ ಆರೈಕೆ ಅನ್ನುವ ವ್ಯವಸ್ಥೆ ಕಾಗದದ ಮೇಲಾದರೂ ಇದೆ. ಅಜ್ಜಿ ಮನೆಯಲ್ಲೇ ಬೆಳೆದವರಿಗೆ ಅದೂ ಇಲ್ಲ. ಮನೆಯಲ್ಲಿ ಉಳಿದದ್ದಕ್ಕೆ ಶಿಕ್ಷೆಯೇ ಇದು, ಅಲ್ವಾ? ಹೋದ ವರ್ಷದಿಂದ ಅಂಥವರಿಗೆ ಫೀಸು, ಬಸ್ ಪಾಸಿಗೆ ಅಂತ ಬೇರೆ ನಿಧಿ ಇಟ್ಟಿದ್ದೇವೆ. ಅದಕ್ಕೆ ಹಣ ಕೂಡಿಸುವುದು ಕಷ್ಟ. ಚಿಕ್ಕ ಮಗು ಅಂದರೆ ಕೊಡುವವರು, ಮೀಸೆ ಬಂದ ಹುಡುಗ ಅಂದರೆ ‘ದುಡೀಲಿ ಬಿಡಿ’ ಅನ್ನುತ್ತಾರೆ. ಈ ಜೂನ್‌ನಲ್ಲಿ ಐಟಿಐ ಪ್ರವೇಶ ಶುರುವಾಗುವ ಮೊದಲು ಒಂದಿಷ್ಟು ಕೂಡಿಸಬೇಕು ಅಂತ ಓಡಾಡುತ್ತಿದ್ದೇವೆ.